ಚಾವಣಿಯಿಂದ ಇಳಿದವರು ಇಟ್ಟ ಹೆಸರು

'ಗ್ರೊಟೆಸ್ಕ್' ಅನ್ನೋ ಇಂಗ್ಲಿಷ್ ಪದವನ್ನ ನಾವು ಹೆಚ್ಚುಕಮ್ಮಿ ಬೈಗುಳದ ಹಾಗೇ ಬಳಸ್ತೀವಿ. ವಿಕಾರ, ನೋಡೋಕಾಗದ್ದು. ಆದರೆ ಮೂಲದಲ್ಲಿ ಅದರ ಅರ್ಥ ಇಷ್ಟೇ: ಗುಹೆಗೆ ಸೇರಿದ್ದು.

ಗುಹೆಗೆ ಇಟಾಲಿಯನ್‌ನಲ್ಲಿ ಗ್ರೊತ್ತಾ, ಫ್ರೆಂಚಿನಲ್ಲಿ ಗ್ರೊತ್, ಸ್ಪ್ಯಾನಿಷ್, ಪೋರ್ಚುಗೀಸ್‌ಗಳಲ್ಲಿ ಗ್ರುತಾ. ಎಲ್ಲದರ ಹಿಂದೆ ಲ್ಯಾಟಿನ್ನಿನ ಕ್ರಿಪ್ತಾ, ಅದರ ಹಿಂದೆ 'ಮುಚ್ಚಿಡು' ಅನ್ನುವ ಗ್ರೀಕ್ ಕ್ರಿಯಾಪದ. ಜನರ ಬಾಯಲ್ಲಿ ಉರುಳಿ ಉರುಳಿ 'ಕ' ಹೋಗಿ 'ಗ' ಬಂತು, 'ಪ್ತ' ಸವೆದು 'ತ್ತ' ಆಯ್ತು, ಸಂಸ್ಕೃತದ ಸಪ್ತ ಪ್ರಾಕೃತದಲ್ಲಿ ಸತ್ತ ಆದ ಹಾಗೆ. ನಿಮ್ಮ ಫೋನಿನ ಎನ್‌ಕ್ರಿಪ್ಷನ್, ನಿಮ್ಮ ಗೆಳೆಯ ದುಡ್ಡು ಹಾಕಿ ಕೂತಿರುವ ಕ್ರಿಪ್ಟೋ, ಎರಡೂ ಇದೇ ಮನೆತನದವು. (ಸಂಸ್ಕೃತದಿಂದ ಬಂದ ನಮ್ಮ 'ಗುಹೆ' ಕೂಡ 'ಗುಹ್', ಅಂದರೆ ಬಚ್ಚಿಡು, ಅನ್ನುವ ಧಾತುವಿನದೇ. ಗುಹೆ ಕಂಡರೆ ಮನುಷ್ಯನಿಗೆ ಎಲ್ಲೆಡೆ ಒಂದೇ ಯೋಚನೆ ಬರುತ್ತೋ ಏನೋ.)

ಗುಹೆ ಬೈಗುಳ ಆಗಿದ್ದು ರೋಮ್‌ನಲ್ಲಿ. ಕ್ರಿ.ಶ. 64ರ ಬೆಂಕಿಯ ನಂತರ ನೀರೋ ಚಕ್ರವರ್ತಿ 'ಚಿನ್ನದ ಮನೆ' ಅನ್ನುವ ಭಾರೀ ಅರಮನೆ ಕಟ್ಟಿಸಿದ. ಅವನು ಸತ್ತ ಮೇಲೆ ಆ ವೈಭವ ಯಾರಿಗೂ ಬೇಡವಾಯ್ತು. ಟ್ರಾಜನ್ ಬಂದಾಗ ಕೋಣೆಗಳಿಗೆ ಮಣ್ಣು ತುಂಬಿಸಿ, ಮೇಲೆ ಸ್ನಾನಗೃಹ ಕಟ್ಟಿಸಿದ. ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷ ಹಾಗೇ ಇತ್ತು. ಸುಮಾರು 1480ರ ಹೊತ್ತಿಗೆ ಕಲಾವಿದರು ಚಾವಣಿಯ ತೂತುಗಳಿಂದ ಹಗ್ಗ ಹಿಡಿದು ಒಳಗಿಳಿಯತೊಡಗಿದರು. ಕೋಣೆ ತುಂಬ ಮಣ್ಣಿದ್ದದ್ದರಿಂದ ಬಹಳ ಕೆಳಗೆ ನಿಂತು ತಲೆಯೆತ್ತಿ ನೋಡಬೇಕಿದ್ದ ಚಿತ್ರಗಳು ಮೂಗಿನ ತುದಿಯಲ್ಲೇ ಇದ್ದವು. ಅರ್ಧ ಬಳ್ಳಿ ಅರ್ಧ ಮನುಷ್ಯ, ಕಡ್ಡಿಯಂಥ ಕಂಬಗಳು, ರೆಕ್ಕೆಯ ಪ್ರಾಣಿಗಳು. ಗುಹೆಯಲ್ಲಿ ಸಿಕ್ಕಿದ್ದು, ಹಾಗಾಗಿ 'ಗ್ರೊತ್ತೆಸ್ಕಾ' ಅಂದರು. ಮೆಚ್ಚಿಯೇ ಇಟ್ಟ ಹೆಸರು. ರಾಫೆಲ್‌ನ ತಂಡ ಅದೇ ಶೈಲಿಯನ್ನ ವ್ಯಾಟಿಕನ್ನಿನ ಗೋಡೆಗಳಿಗೂ ತಂದಿತು. ವಿಕಾರ ಅನ್ನೋ ಅರ್ಥ ಆಮೇಲೆ ಅಂಟಿಕೊಂಡದ್ದು.

ಗುಹೆಯೇ ಆಗಿರಲಿಲ್ಲವಲ್ಲ ಅದು! ಅರಮನೆಯ ಕೋಣೆ. ಇಳಿದವರ ದಾರಿಯೇ ಜಾಗದ ಹೆಸರಾಯ್ತು.

ಇದು ತಪ್ಪಾ? ಒಂದು ವಾದ: ಪದಕ್ಕೆ ಹುಟ್ಟಿದ ಮನೆಯ ಋಣವಿಲ್ಲ, ಇವತ್ತಿನ ಅರ್ಥವೇ ಅರ್ಥ. ಒಪ್ತೀನಿ. ಮೂಲ ಹುಡುಕಿ 'ನಿಜವಾದ ಅರ್ಥ ಇದು' ಅಂತ ವಾದಕ್ಕೆ ಬರುವವರ ಜೊತೆ ಕಾಫಿ ಕುಡಿಯೋದೂ ಕಷ್ಟ. ಆದರೆ ನನ್ನ ತಕರಾರು ಪದದ ಮೇಲಲ್ಲ, ಹೆಸರಿಡುವವರ ಮೇಲೆ. ಹೊಸದಾಗಿ ಟೀಮ್ ಸೇರಿದವರು ಎರಡನೇ ವಾರಕ್ಕೇ ಹಳೇ ಕೋಡನ್ನ 'ಕಸ' ಅಂತಾರಲ್ಲ, ಅವರು ಇಳಿದಿದ್ದೂ ಚಾವಣಿಯಿಂದಲೇ. ಬಾಗಿಲು ಎಲ್ಲಿತ್ತು, ಮಣ್ಣು ಯಾರು ತುಂಬಿದ್ದು ಅಂತ ಕೇಳಿರಲ್ಲ. ಕೋಡಿಗೆ ನೋವಾಗಲ್ಲ, ಸರಿ. ಆದರೆ 'ಗ್ರೊಟೆಸ್ಕ್' ಪದವನ್ನ ಕಾದಂಬರಿಕಾರರು, ವಿಮರ್ಶಕರು ಜೀವಂತ ಮನುಷ್ಯರ ಮುಖಕ್ಕೆ, ಮೈಗೆ, ಅಂಗವೈಕಲ್ಯಕ್ಕೆ ಧಾರಾಳವಾಗಿ ಬಳಸಿದ್ದಾರೆ. ಅಲ್ಲಿ ಆ ಮುಖದೊಳಗಿನ ಮನುಷ್ಯ ಮಣ್ಣಿನಡಿ ಹೋಗ್ತಾನೆ.

ಹಾಗಂತ ಒಳಗಿದ್ದವರು ಇಟ್ಟ ಹೆಸರೇ ನಿಜ ಅಂತಲೂ ಹೇಳೋಕಾಗಲ್ಲ. 'ಚಿನ್ನದ ಮನೆ' ಅನ್ನೋದೂ ಮಾಲೀಕನ ಹೆಸರೇ. ಅಲ್ಲಿ ಚಿತ್ರ ಬರೆದ ಫಾಬುಲ್ಲಸ್ (ಫಾಮುಲಸ್ ಅಂತಲೂ ಬರೀತಾರೆ) ಬಗ್ಗೆ ಪ್ಲಿನಿ ಒಂದೆರಡು ಮಾತು ಬರೆದಿದ್ದಾನೆ. ದಿನಕ್ಕೆ ಕೆಲವೇ ಗಂಟೆ ಕೆಲಸ, ಅಟ್ಟಣಿಗೆ ಮೇಲಿದ್ದಾಗಲೂ ಟೋಗಾ ಉಟ್ಟೇ ಇರುತ್ತಿದ್ದನಂತೆ. ಅವನ ಕೃತಿಗಳು ಬೇರೆಲ್ಲೂ ಹೆಚ್ಚು ಸಿಗದ್ದಕ್ಕೆ ಪ್ಲಿನಿ ಆ ಅರಮನೆಗೆ ಮೂರನೆಯ ಹೆಸರೊಂದನ್ನ ಕೊಟ್ಟ: ಅವನ ಕಲೆಯ ಸೆರೆಮನೆ.