ಲಕೋಟೆ ಒಡೆಯುವ ಮುನ್ನ

ತಂದೆ ಬದುಕಿರುವಾಗಲೇ ಅವರ ಉಯಿಲಿನಲ್ಲಿ ಏನಿದೆಯೆಂದು ಮಕ್ಕಳು ಕೇಳಬಹುದೇ? ಕಾಯಿದೆಯ ಮಟ್ಟಿಗೆ ಉತ್ತರ ಸುಲಭ. ಉಯಿಲನ್ನು ನೋಂದಾಯಿಸಲೇಬೇಕೆಂಬ ಕಡ್ಡಾಯವಿಲ್ಲ. ನೋಂದಾಯಿಸಿದ್ದರೂ ಅದರ ನಕಲು ಬರೆದವರಿಗೆ ಅಥವಾ ಅವರ ಮುಖತ್ಯಾರರಿಗೆ ಮಾತ್ರ ದೊರೆಯುತ್ತದೆ. ಅವರು ತೀರಿಕೊಂಡ ಮೇಲೆ ಅರ್ಜಿ ಹಾಕಿದ ಯಾರಿಗಾದರೂ ಸರಿ. ಅದಕ್ಕೆ ಮೊದಲು ಮಗನಿಗೂ ಇಲ್ಲ, ಮಗಳಿಗೂ ಇಲ್ಲ. 1908ರ ನೋಂದಣಿ ಕಾಯಿದೆ ಹಾಗೆ ಹೇಳುತ್ತದೆ. ಬೇಕಿದ್ದರೆ ಮೊಹರು ಮಾಡಿದ ಲಕೋಟೆಯಲ್ಲಿಟ್ಟು ಜಿಲ್ಲಾ ನೋಂದಣಾಧಿಕಾರಿಯ ವಶಕ್ಕೆ ಒಪ್ಪಿಸಲೂಬಹುದು. ಸಾಕ್ಷಿ ಹಾಕುವ ಇಬ್ಬರಿಗೂ ಒಳಗಿನ ಒಕ್ಕಣೆ ತಿಳಿದಿರಬೇಕಾಗಿಲ್ಲ. ಕಡತಗಳ ನಡುವೆ ಕೂದಲು ನರೆಸಿಕೊಂಡ ನಮಗೆ, ಸರಕಾರಿ ಗೋಪ್ಯತೆಗಳಲ್ಲಿ ಇಷ್ಟು ಮಾನವೀಯವಾದುದು ಇನ್ನೊಂದಿಲ್ಲವೆನಿಸುತ್ತದೆ.

ಆದರೆ ಕಾಯಿದೆ ಮುಚ್ಚಿಟ್ಟದ್ದನ್ನು ಮನಸ್ಸು ಕೆದಕುತ್ತಲೇ ಇರುತ್ತದೆ. ಊರು ಬಿಟ್ಟು ಮುಂಬಯಿಗೋ ಪುಣೆಗೋ ಬಂದ ನಾವು ಆ ಎರಡೆಕರೆ ಹೊಲವನ್ನು ಉಳುವವರಲ್ಲ, ಹಂಚಿನ ಮನೆಯಲ್ಲಿ ಹೋಗಿ ಇರುವವರೂ ಅಲ್ಲ. ಆದರೂ ತಿಳಿಯಬೇಕೆನಿಸುತ್ತದೆ. ಆಸ್ತಿಯ ಆಸೆಯೊಂದೇ ಇದಕ್ಕೆ ಕಾರಣವೆಂದರೆ ನಮಗೆ ನಾವೇ ಅನ್ಯಾಯ ಮಾಡಿಕೊಂಡಂತೆ. ಅಪ್ಪ ನಮ್ಮನ್ನು ಇನ್ನೂ ಮನೆಯವರೆಂದು ಎಣಿಸಿದ್ದಾರೋ, ಇಲ್ಲಾ ಹಬ್ಬಕ್ಕೆ ಬಂದುಹೋಗುವ ನೆಂಟರೆಂದೋ? ತಿಂಗಳು ತಿಂಗಳು ಕಳಿಸಿದ ಮನಿಯಾರ್ಡರುಗಳಿಗೆ ಅವರ ಲೆಕ್ಕದಲ್ಲಿ ಏನು ಬೆಲೆ? ಮದುವೆಯಾಗಿ ಹೋದ ಅಕ್ಕತಂಗಿಯರ ಪ್ರಶ್ನೆಯೂ ಇದೇ. ಪಿತ್ರಾರ್ಜಿತದಲ್ಲಿ ಅವರಿಗೆ ಗಂಡುಮಕ್ಕಳಷ್ಟೇ ಹಕ್ಕೆಂದು 2005ರ ತಿದ್ದುಪಡಿ ಹೇಳಿತು. ಸ್ವಯಾರ್ಜಿತವನ್ನಾದರೋ ಅಪ್ಪ ತಮ್ಮ ಇಷ್ಟಬಂದವರಿಗೆ ಬರೆಯಬಹುದು. ಆ ಇಷ್ಟವೇ ಎಲ್ಲರನ್ನೂ ಕಾಡುವುದು. ಹೀಗೆ ನಾವು ಉಯಿಲನ್ನು ಪರೀಕ್ಷೆಯ ಅಂಕಪಟ್ಟಿಯಂತೆ ಓದಲು ಹೊರಡುತ್ತೇವೆ.

ಬಿ.ಎಸ್ಸಿ. ತರಗತಿಯಲ್ಲಿ ಕಲಿತದ್ದೊಂದು ಇಲ್ಲಿ ನೆನಪಾಗುತ್ತದೆ. ಒಂದೆರಡು ಹನಿ ಬಿಸಿನೀರಿಗೆ ದೊಡ್ಡ ಉಷ್ಣಮಾಪಕವನ್ನು ಅದ್ದಿದರೆ, ಮಾಪಕವೇ ಬಿಸಿಯನ್ನು ಹೀರಿಕೊಂಡು ನೀರು ತಣ್ಣಗಾಗುತ್ತದೆ. ಅದು ತೋರಿಸುವುದು ಅಳೆಯಲು ಹೊರಟ ಉಷ್ಣವನ್ನಲ್ಲ. ಎಂಬತ್ತರ ಮುದುಕರನ್ನು, "ಅಪ್ಪಾ, ಯಾರಿಗೆ ಏನು ಬರೆದಿದ್ದೀರಿ?" ಎಂದು ಕೇಳುವುದೂ ಹಾಗೆಯೇ. ಉಯಿಲನ್ನು ಬುದ್ಧಿ ಸ್ವಾಧೀನದಲ್ಲಿರುವವರೆಗೆ ಎಷ್ಟು ಸಲವಾದರೂ ಬದಲಿಸಬಹುದು. ಕೇಳಿದ ಕ್ಷಣದಿಂದ ಅವರು ನಮ್ಮ ಮುಖ ನೋಡಿ ಬರೆಯತೊಡಗುತ್ತಾರೆ. ಫೋನಿನಲ್ಲಿ ಆರೋಗ್ಯ ವಿಚಾರಿಸಿದರೂ ಅದರ ಹಿಂದೆ ಏನೋ ಇದೆಯೆಂದು ಅನುಮಾನಿಸುತ್ತಾರೆ. ಉಯಿಲು ಎಲ್ಲಿದೆ, ಯಾರ ಬಳಿ ಇದೆ ಎಂದು ಕೇಳುವುದು ಬೇರೆ. ಅದನ್ನು ಕೇಳಲೇಬೇಕು, ಹಾಸಿಗೆಯಡಿಯ ಟ್ರಂಕಿನಲ್ಲಿ ಗೆದ್ದಲು ತಿಂದ ಉಯಿಲಿನಿಂದ ಯಾರಿಗೂ ಉಪಕಾರವಿಲ್ಲ.

ಇಷ್ಟು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಊರಲ್ಲೇ ಉಳಿದ ತಮ್ಮನೊಬ್ಬನಿದ್ದಾನಲ್ಲ? ಅಮ್ಮನ ಕೊನೆಯ ದಿನಗಳಲ್ಲಿ ರಾತ್ರಿಯಿಡೀ ಕೂತವನು, ಅಪ್ಪನನ್ನು ತಾಲೂಕಿನ ಆಸ್ಪತ್ರೆಗೆ ಕರೆದೊಯ್ಯುವವನು ಅವನು. ಮಳೆಗಾಲಕ್ಕೆ ಮುಂಚೆ ತನ್ನ ದುಡ್ಡಿನಲ್ಲಿ ಹಂಚು ಹೊದಿಸುವಾಗ, ಈ ಮನೆ ನಾಳೆ ಯಾರದೆಂದು ಅವನಿಗೆ ಗೊತ್ತಿಲ್ಲ. ಐವತ್ತರ ವಯಸ್ಸಿನಲ್ಲಿ ಹೆಂಡತಿ ಮಕ್ಕಳೊಡನೆ ಬೀದಿಗೆ ಬೀಳುವೆನೋ ಏನೋ ಎಂಬುದು ಅವನಿಗೆ ಕುತೂಹಲದ ವಿಷಯವಲ್ಲ, ಬದುಕಿನ ಪ್ರಶ್ನೆ. ನಮಗಿಲ್ಲದ ಹಕ್ಕು, ಕೇಳುವ ಹಕ್ಕು, ಅವನಿಗಿದೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ಕಾಯಿದೆ ಇಲ್ಲಿ ಅವನ ನೆರವಿಗೆ ಬಾರದು.

ವಿಚಿತ್ರವೆಂದರೆ ಅವನೇ ಬಾಯಿಬಿಟ್ಟು ಕೇಳಲಾರ. ಕೇಳಿದರೆ ಆಸೆಬುರುಕನೆನ್ನುತ್ತೇವೆ, ಮುದುಕರ ಕಿವಿ ಊದಿದನೆನ್ನುತ್ತೇವೆ. ಹಾಗೆನ್ನುವವರಲ್ಲಿ ಮೊದಲಿಗರು ದೂರದಲ್ಲಿರುವ ನಾವೇ. ಆದ್ದರಿಂದ ಅವನ ಪರವಾಗಿ ಅಪ್ಪನೆದುರು ಮಾತೆತ್ತಬೇಕಾದವರೂ ನಾವೇ. "ಮನೆ ತಮ್ಮನಿಗೇ ಇರಲಿ ಅಪ್ಪಾ, ನಮ್ಮ ಅಡ್ಡಿಯಿಲ್ಲ" ಎಂದು ಅವನು ಎದುರಿಗಿರುವಾಗಲೇ ಹೇಳಬೇಕು. ಅಷ್ಟರ ಮೇಲೆ ಬರೆಯುವುದು ಬಿಡುವುದು ಅವರಿಗೆ ಸೇರಿದ್ದು. ಮೇ ತಿಂಗಳ ರಜೆಗೆ ಊರಿನ ರೈಲು ಹತ್ತುವ ನಮ್ಮಲ್ಲಿ ಎಷ್ಟು ಮಂದಿ ಈ ಮಾತನ್ನು ಜೊತೆಗೆ ಕೊಂಡೊಯ್ಯುತ್ತೇವೆ?