ಕರ್ಮವಿಲ್ಲದ ಫಲಾಪೇಕ್ಷೆ

ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ ಎಬೆಟ್ಸ್ ಫೀಲ್ಡ್ ಎಂಬ ಬೇಸ್‌ಬಾಲ್ ಕ್ರೀಡಾಂಗಣವಿದ್ದ ಕಾಲದಲ್ಲಿ, ಅಲ್ಲಿನ ಅಗ್ಗದ ಆಸನಗಳ ನಡುವೆ ಹಿಲ್ಡಾ ಚೆಸ್ಟರ್ ಎಂಬ ಹೆಂಗಸೊಬ್ಬಳು ಕುಳಿತು, ಡಾಡ್ಜರ್ಸ್ ತಂಡದ ಆಟ ನಡೆಯುವಾಗ ಹಸುವಿನ ಕೊರಳಿಗೆ ಕಟ್ಟುವಂಥ ಗಂಟೆಯೊಂದನ್ನು ಬಾರಿಸುತ್ತಿದ್ದಳು. ಮೊದಲು ಆಕೆ ಕೂಗುತ್ತಿದ್ದವಳು. ಹೃದಯಾಘಾತವಾದ ಮೇಲೆ ಕೂಗಕೂಡದೆಂದು ವೈದ್ಯರು ವಿಧಿಸಲು, ಬಾಣಲೆಯನ್ನೂ ಸೌಟನ್ನೂ ಹಿಡಿದು ಬಂದಳು. ಬಳಿಕ ಆಟಗಾರರೇ ಆಕೆಗೆ ಗಂಟೆಯನ್ನು ಕೊಡಿಸಿದರು. ಮಂಗಳಾರತಿಯ ಹೊತ್ತಿಗೆ ಜಾಗಟೆ ಬಡಿಯುವವನಿಗೂ ಇವಳಿಗೂ ಸಾಮ್ಯವನ್ನು ಕಾಣುವುದು ಸುಲಭ; ಅಷ್ಟು ಸುಲಭವಾದುದರಿಂದಲೇ ಆ ಹೋಲಿಕೆಯನ್ನು ನಾನು ನಂಬೆನು. ದೇವರು ಒಲಿದಾನೆಂಬ ಭರವಸೆಯಾದರೂ ಭಕ್ತನಿಗೆ ಉಂಟು. ಗಂಟೆಯ ನಾದವನ್ನು ಕೇಳಿ ಚೆಂಡು ದಾರಿ ಬದಲಿಸುವುದಿಲ್ಲವೆಂಬುದು ಇವಳಿಗೆ ತಿಳಿಯದಿದ್ದೀತೆ?

ಕರ್ಮದಲ್ಲಿ ಮಾತ್ರ ನಮಗೆ ಅಧಿಕಾರವೆಂದೂ ಫಲದಲ್ಲಿ ಆಸಕ್ತಿ ಕೂಡದೆಂದೂ ಗೀತೆ ಬೋಧಿಸುತ್ತದೆ. ಕ್ರೀಡಾಭಿಮಾನಿಯ ಸ್ಥಿತಿ ಇದರ ತಲೆಕೆಳಗು: ಅವನಿಗೆ ಕರ್ಮವೆಂಬುದೇ ಇಲ್ಲ, ಇರುವುದೆಲ್ಲ ಫಲಾಪೇಕ್ಷೆ. ದಾಂಡನ್ನು ಹಿಡಿಯುವವನು ಇನ್ನೊಬ್ಬ, ಓಡುವವನು ಮತ್ತೊಬ್ಬ, ಗೆದ್ದರೆ ಹಣವನ್ನು ಎಣಿಸುವವನು ಮಗುದೊಬ್ಬ. ಅದೂ ಎಂಥ ಆಟ! ಹತ್ತರಲ್ಲಿ ಮೂರು ಸಲ ಚೆಂಡನ್ನು ಸರಿಯಾಗಿ ಹೊಡೆದವನು ಅಲ್ಲಿ ಉತ್ತಮ ದಾಂಡಿಗ; ಆಗಿನ ಕಾಲಕ್ಕೆ ಋತುವೊಂದಕ್ಕೆ 154 ಪಂದ್ಯಗಳಿದ್ದು, ಅಗ್ರಸ್ಥಾನದ ತಂಡವೂ ಐವತ್ತರಷ್ಟನ್ನು ಸೋಲುವುದು ಸಾಮಾನ್ಯ. ಬಯಕೆಯನ್ನು ಏಪ್ರಿಲ್ಲಿನಿಂದ ಸೆಪ್ಟೆಂಬರಿನವರೆಗೆ ಹೊತ್ತು ತಿರುಗುವವನಿಗೆ ಅದನ್ನು ಇಳಿಸಲು ಒಂದು ಕಟ್ಟೆಯಾದರೂ ಬೇಡವೆ?

ಅಭಿಮಾನಿಯ ವಿಚಿತ್ರವರ್ತನೆಗಳನ್ನು ಮೌಢ್ಯವೆಂದು ತಳ್ಳಿಹಾಕುವವರು ಇದನ್ನು ಗಮನಿಸರು. ಅದೃಷ್ಟದ ಟೋಪಿ, ಬದಲಿಸದ ಆಸನ, ಈ ಗಂಟೆ, ಇವೆಲ್ಲವೂ ಕರ್ಮವನ್ನು ಅರಸುತ್ತ ಹೊರಟ ಅಪೇಕ್ಷೆಯ ರೂಪಗಳು. ಇವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಆಟದ ಲೆಕ್ಕವನ್ನು ಬರೆದಿಡುವ ಪದ್ಧತಿ. ಒಂಬತ್ತು ಕಾವಲುಗಾರರಿಗೂ ಒಂದೊಂದು ಅಂಕಿ. 6-4-3 ಎಂದು ಬರೆದರೆ ಚೆಂಡು ಯಾರ ಕೈಯಿಂದ ಯಾರ ಕೈಗೆ ಹೋಗಿ ಇಬ್ಬರು ಔಟಾದರೆಂಬ ಕಥೆಯೆಲ್ಲ ಅದರಲ್ಲಿ ಅಡಗಿತು. ಮೂರು ಸ್ಟ್ರೈಕಿಗೆ ಔಟಾದವನಿಗೆ ಇಂಗ್ಲಿಷಿನ ಕೆ ಅಕ್ಷರ, ಕಡೆಯ ಚೆಂಡಿಗೆ ದಾಂಡನ್ನೇ ಬೀಸದೆ ನಿಂತವನಿಗಾದರೋ ಅದೇ ಅಕ್ಷರ ಮುಖ ತಿರುಗಿಸಿಕೊಂಡು! ಮರುದಿನದ ಪತ್ರಿಕೆ ಆ ಪಂದ್ಯದ ಲೆಕ್ಕವನ್ನು ಅಚ್ಚುಹಾಕುವುದೆಂದು ತಿಳಿದೂ, ಯಾರೂ ಓದದ ಆ ಕಾಗದವನ್ನು ಪೆನ್ಸಿಲಿನಿಂದ ತುಂಬುವವನು ಆಟವನ್ನು ಆಡುತ್ತಿಲ್ಲ, ನಿಜ. ಕೇವಲ ನೋಡುತ್ತಲೂ ಇಲ್ಲ.

ಹಾಗಾದರೆ ಈ ನಿಷ್ಠೆಯ ವಿಷಯ ಯಾವುದು? ಆಟಗಾರರೆಂದರೆ, ಅವರನ್ನು ಮಾಲೀಕರು ಅವರ ಇಚ್ಛೆಯನ್ನೂ ಕೇಳದೆ ಬೇರೆ ತಂಡಕ್ಕೆ ಮಾರಬಹುದಾಗಿದ್ದ ಕಾಲವದು. ನಿನ್ನೆಯ ವೀರ ಇಂದಿನ ವೈರಿ. ಹೆಸರೆಂದರೆ, ಅದಕ್ಕೆ ಬ್ರೂಕ್ಲಿನ್ನಿನ ಚರಿತ್ರೆಯೇ ಉತ್ತರ ಹೇಳುತ್ತದೆ. ವರ್ಲ್ಡ್ ಸೀರೀಸಿನಲ್ಲಿ ಏಳು ಬಾರಿ ಸೋತು, ಪ್ರತಿ ಸಲವೂ ಬರುವ ವರ್ಷ ನೋಡೋಣವೆಂದು ಊರಿಗೆ ಊರೇ ಹೇಳಿಕೊಂಡು, ಕಡೆಗೆ 1955ರಲ್ಲಿ ಯಾಂಕೀಸರನ್ನು ಗೆದ್ದ ಆ ತಂಡ, 1957ರ ಋತು ಮುಗಿದೊಡನೆ ಲಾಸ್ ಏಂಜಲೀಸಿಗೆ ಹೊರಟುಹೋಯಿತು. ಹೆಸರು ಹೋಯಿತು, ಬಣ್ಣ ಹೋಯಿತು, ಆಟಗಾರರಲ್ಲಿಯೂ ಬಹುಮಂದಿ ಹೋದರು. ಆದರೆ ಬ್ರೂಕ್ಲಿನ್ನಿನ ಅನೇಕರ ಅಭಿಮಾನ ಮಾತ್ರ ಅವರ ಹಿಂದೆ ಹೋಗಲೊಪ್ಪದೆ ಹಗೆಯಾಗಿ ಅಲ್ಲಿಯೇ ಉಳಿಯಿತು. ಗಂಟೆಯನ್ನು ಬಾರಿಸುವುದಕ್ಕೆ, ಪೆನ್ಸಿಲನ್ನು ಹಿಡಿಯುವುದಕ್ಕೆ, ಪಕ್ಕದವನೊಡನೆ ಶಪಿಸುವುದಕ್ಕೆ ಇದ್ದ ಎಡೆಯನ್ನು ಬಿಟ್ಟು ಆ ಪ್ರೀತಿಗೆ ಬೇರೆ ವಿಗ್ರಹವಿರಲಿಲ್ಲವೆಂದೇ ನನ್ನ ಎಣಿಕೆ.

ಆ ಎಡೆಯನ್ನು 1960ರ ಫೆಬ್ರವರಿಯಲ್ಲಿ ಕೆಡವಲು ತೊಡಗಿದರು. ಗೋಡೆಗೆ ಬಡಿಯುವ ಕಬ್ಬಿಣದ ಗುಂಡಿಗೆ, ಯಾರ ಕಲ್ಪನೆಯೋ ಕಾಣೆ, ಬಿಳಿಯ ಬಣ್ಣವನ್ನು ಬಳಿದು, ಬೇಸ್‌ಬಾಲಿನ ಹೊಲಿಗೆಯ ಗೆರೆಗಳನ್ನೂ ಬರೆದಿದ್ದರು.