ಅಭಯದ ಅಳತೆ: ಯಡಹಳ್ಳಿಯ ಚಿಂಕಾರ

ಭಯವೆಂಬುದು ಜೀವಿಯ ಹುಟ್ಟುಗುಣವೋ, ಮನುಷ್ಯನ ನಡತೆಯಿಂದ ಅದರಲ್ಲಿ ಬೇರೂರಿದ್ದೋ ಎಂಬುದು ಧರ್ಮಜಿಜ್ಞಾಸೆಗೂ ಜೀವವಿಜ್ಞಾನಕ್ಕೂ ಸಮಾನವಾಗಿ ಸೇರಿದ ಪ್ರಶ್ನೆ. ಜೈನ ದರ್ಶನವು ಆಹಾರ, ಭಯ, ಮೈಥುನ, ಪರಿಗ್ರಹಗಳೆಂಬ ನಾಲ್ಕು ಸಂಜ್ಞೆಗಳನ್ನು, ಅಂದರೆ ಹುಟ್ಟಿನೊಡನೆ ಬರುವ ಪ್ರೇರಣೆಗಳನ್ನು, ಸಂಸಾರಿ ಜೀವಿಗಳಲ್ಲಿ ಗುರುತಿಸುತ್ತದೆ. ಅದೇ ದರ್ಶನ ಅಭಯವನ್ನು ದಾನಗಳ ಸಾಲಿನಲ್ಲಿಯೂ ಇರಿಸಿರುವುದರಿಂದ, ಒಂದು ಜೀವಿಯ ಭಯವನ್ನು ತಗ್ಗಿಸುವ ಹೊಣೆ ಇನ್ನೊಂದು ಜೀವಿಗೆ ಉಂಟೆಂದು ಒಪ್ಪಿದಂತಾಯಿತು.

ದಕ್ಷಿಣ ಅಮೆರಿಕದ ತೀರದಿಂದ ಸುಮಾರು ಸಾವಿರ ಕಿಲೋಮೀಟರ್ ದೂರದಲ್ಲಿ, ಜ್ವಾಲಾಮುಖಿಯ ಲಾವಾದಿಂದ ಮೇಲೆದ್ದ ಗಲಾಪಗೋಸ್ ದ್ವೀಪಗಳಿಗೆ 1535ರಲ್ಲಿ ಗಾಳಿ ನಿಂತು ಕಡಲ ಪ್ರವಾಹದ ಸೆಳೆತದಿಂದ ಬಂದು ಸೇರಿದ ಪನಾಮಾದ ಬಿಷಪ್ ತೋಮಾಸ್ ದೆ ಬೆರ್ಲಾಂಗಾ, ಅಲ್ಲಿನ ಹಕ್ಕಿಗಳು ಹಿಡಿಯಹೋದರೂ ಹಾರಿಹೋಗದ್ದನ್ನು ಕಂಡು ಅವನ್ನು ದಡ್ಡ ಹಕ್ಕಿಗಳೆಂದು ಬರೆದನು. ಮುನ್ನೂರು ವರ್ಷಗಳ ಬಳಿಕ, 1835ರಲ್ಲಿ, ಬಂದೂಕಿನ ತುದಿಯಿಂದ ಗಿಡುಗವೊಂದನ್ನು ಕೊಂಬೆಯಿಂದ ನೂಕಿ ನೋಡಿದ ಚಾರ್ಲ್ಸ್ ಡಾರ್ವಿನ್ ಬೇರೆಯೇ ನಿರ್ಣಯಕ್ಕೆ ಬಂದನು: ಮನುಷ್ಯನ ಭಯ ಒಂದು ಹಕ್ಕಿ ತನ್ನ ಆಯುಷ್ಯದಲ್ಲಿ ಕಲಿಯುವ ಪಾಠವಲ್ಲ, ತಲೆಮಾರುಗಳ ಹಿಂಸೆಯಿಂದ ಅದರ ವಂಶದಲ್ಲಿ ನೆಲೆಗೊಳ್ಳುವ ಪ್ರವೃತ್ತಿ. ಹಾಗಿದ್ದರೆ ಬಿಷಪ್ಪನು ದಡ್ಡತನವೆಂದು ಕರೆದದ್ದು, ಮನುಷ್ಯನಿಂದ ಇನ್ನೂ ನೋಯದ ಜೀವದ ನಿರ್ಭೀತಿಯೇ ಆಗಿತ್ತು.

ಬಾಗಲಕೋಟೆ ಜಿಲ್ಲೆಯ ಬೀಳಗಿ ಮತ್ತು ಮುಧೋಳ ತಾಲೂಕುಗಳಲ್ಲಿ ಹಬ್ಬಿರುವ, 2016ರಲ್ಲಿ ಘೋಷಿತವಾದ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮದಲ್ಲಿ ಒಂದು ಹಗಲು ಸುತ್ತುವವರಿಗೆ ಕಾಣುವುದು ಇದಕ್ಕೆ ವಿರುದ್ಧವಾದ ನೋಟ. ಎಲೆಯ ರಸ ಮತ್ತು ಇಬ್ಬನಿಯಿಂದಲೇ ದಾಹ ತೀರಿಸಿಕೊಂಡು ಬಹುಕಾಲ ಬದುಕಬಲ್ಲ ಚಿಂಕಾರ ಎಂಬ ಈ ಸಣ್ಣ ಹುಲ್ಲೆ, ಕುರುಚಲು ಗುಡ್ಡದ ನಡುವೆ ಮನುಷ್ಯನ ಸುಳಿವು ಸಿಕ್ಕೊಡನೆ ಗೊರಸನ್ನು ನೆಲಕ್ಕೆ ಬಡಿದು, ಸೀನಿದಂತೆ ಮೂಗಿನಿಂದ ಸದ್ದು ಮಾಡಿ, ಓಡಿಹೋಗಿ ದೂರ ನಿಂತು ತಿರುಗಿ ನೋಡುತ್ತದೆ. ಸುಮಾರು 96 ಚದರ ಕಿಲೋಮೀಟರಿನ ಈ ಒಣನೆಲವೂ ಒಂದು ಬಗೆಯ ದ್ವೀಪವೇ, ಏಕೆಂದರೆ ಕೃಷ್ಣೆ, ಘಟಪ್ರಭೆಗಳ ನೀರು ಹರಿದಲ್ಲೆಲ್ಲ, ಜಮಖಂಡಿ, ರಬಕವಿ-ಬನಹಟ್ಟಿಗಳ ಸುತ್ತಲೂ, ಕಬ್ಬು ಬೆಳೆದು ನಿಂತಿದೆ.

ಓಟದ ವೇಗಕ್ಕೂ ದೂರದ ನೋಟಕ್ಕೂ ಹೆಸರಾದ ಬೇಟೆನಾಯಿಯ ತಳಿಯನ್ನು ಘೋರ್ಪಡೆ ಅರಸರು ಪೋಷಿಸಿದ್ದು ಈ ಮುಧೋಳದಲ್ಲಿಯೇ. ಹತ್ತನೆಯ ಶತಮಾನದ ಜೈನ ಮಹಾಕವಿ ರನ್ನ ಹುಟ್ಟಿದ ಮುದುವೊಳಲೂ ಇದೇ. ಅವನು 993ರಲ್ಲಿ ಮುಗಿಸಿದ ‘ಅಜಿತಪುರಾಣ’ ಎರಡನೆಯ ತೀರ್ಥಂಕರನ ಚರಿತ್ರೆ. ಕೇವಲಜ್ಞಾನ ಪಡೆದ ತೀರ್ಥಂಕರನ ಉಪದೇಶಸಭೆಯಾದ ಸಮವಸರಣದಲ್ಲಿ ಮೃಗಗಳಿಗೂ ಸ್ಥಾನವುಂಟೆಂದೂ, ಅಲ್ಲಿ ಹುಟ್ಟುವೈರಿಗಳಾದ ಪ್ರಾಣಿಗಳು ಹಗೆ ಮರೆತು ಒಟ್ಟಿಗೆ ಕುಳಿತಿರುತ್ತವೆಂದೂ ಜೈನ ಪರಂಪರೆ ನಂಬುತ್ತದೆ. ಆ ನಂಬಿಕೆಯ ತಿರುಳೆಂದರೆ, ಜ್ಞಾನಿಯ ಸಿದ್ಧಿಗೆ ಅವನ ಮುಂದೆ ಕುಳಿತ ಜಿಂಕೆಯ ನೆಮ್ಮದಿಯೂ ಸಾಕ್ಷಿ.

ಜಮಖಂಡಿಯಲ್ಲಿ 1886ರಲ್ಲಿ ಜನಿಸಿದ ಗುರುದೇವ ರಾನಡೆಯವರು 1926ರ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ವಿವೇಚಿಸಿದ ಉಪನಿಷತ್ತುಗಳಲ್ಲಿ ಅಭಯವು ಬ್ರಹ್ಮದ ಲಕ್ಷಣ; ಎರಡನೆಯದೊಂದು ಇದೆಯೆಂಬ ಅರಿವಿನಿಂದಲೇ ಭಯ ಹುಟ್ಟುತ್ತದೆಂದು ಬೃಹದಾರಣ್ಯಕ ವಿವರಿಸುತ್ತದೆ. ಈ ವಿವರಣೆ ಸಾಧಕನ ಒಳಗಿನ ಭಯಕ್ಕೆ ಸಲ್ಲುತ್ತದೆ. ಆದರೆ ಚಿಂಕಾರದ ಪಾಲಿಗೆ ಆ ಎರಡನೆಯದು ಮನುಷ್ಯನೇ ಆಗಿರುವಾಗ, ಅದರ ಭಯ ಅದರ ಅಜ್ಞಾನದಿಂದ ಬಂದದ್ದೆನ್ನುವುದು ಅನ್ಯಾಯವಾಗುತ್ತದೆ. ಸನ್ಯಾಸ ಸ್ವೀಕರಿಸುವವನು ಸಕಲ ಭೂತಗಳಿಗೂ ಅಭಯ ಕೊಡಬೇಕೆಂಬ ವಿಧಿ ಈ ಸೂಕ್ಷ್ಮವನ್ನು ಬಲ್ಲುದಾಗಿತ್ತು.

ಚಿಂಕಾರವನ್ನು ಕೊಲ್ಲುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸಿದ್ದರೂ, ಧಾಮವು ಸಮವಸರಣವಾಗಲಾರದು, ಆಗಬೇಕೆಂದೂ ಇಲ್ಲ. ಅಲ್ಲಿ ತೋಳವೂ ಇದೆ, ತೋಳದ ಭಯವನ್ನು ನೀಗುವುದು ಮನುಷ್ಯನ ಕೆಲಸವಲ್ಲ. ಅವನು ಹಿಂತೆಗೆದುಕೊಳ್ಳಬೇಕಾದದ್ದು ತಾನು ಸೇರಿಸಿದ ಪಾಲನ್ನು ಮಾತ್ರ, ಮತ್ತು ಆ ಹಿಂತೆಗೆತದ ಬೆಲೆಯನ್ನು ಗುಡ್ಡದಂಚಿನಲ್ಲಿ ಕುರಿ ಮೇಯಿಸುವವನೊಬ್ಬನೇ ತೆರುವಂತಾಗಬಾರದು.